ಅಂಗೈ ಗೆರೆಯ ಗೋಪುರ

ಒಂದಾನೊಂದು ಕಾಲದಲ್ಲಿ, ಏಳು ಸಮುದ್ರದಾಚೆ ವಿಯೆಟ್ನಾಂ ಅನ್ನೋ ಸೀಮೆಯಲ್ಲಿ, ಹೊಳೆ ಕಡಲು ಸೇರೋ ಕಡೆ ಒಂದು ಪಟ್ಟಣ ಇತ್ತಂತೆ ಮಗಾ. ಆ ಹೊಳೆಬಾಯಲ್ಲಿ ಬರೀ ಬಂಡೆ, ಬಂಡೆ ಮೇಲೆ ಹಿಂಜಿದ ಹತ್ತಿ ಹಾಗೆ ಮಂಜು. ಇನ್ನೇನು ಮನೆ ಬಂತು ಅನ್ನೋ ಹೊತ್ತಿಗೇ ಹಡಗು ಒಡೀತಿತ್ತಂತೆ.

ಅಲ್ಲಿ ಗಾರೆ ಕೆಲಸದ ವಿನ್ ಮುದುಕನಿಗೆ ಇಬ್ಬರು ಗಂಡುಮಕ್ಕಳು, ಕಿರಿಯವಳು ಮಗಳು ಲೂವಾ. ಲೂವಾಳ ಗಂಡ ಊರ ಗಂಡಸರ ಜೊತೆ ಹಡಗು ಹತ್ತಿ, ಮೂರು ಮಳೆಗಾಲ ಕಳೆದು ಬರ್ತೀನಿ ಅಂತ ಹೋದನಂತೆ. ಆಮೇಲೆ ರಾಜ ಮುದುಕನ್ನ ಕರೆಸಿ, ಅವರು ಬರೋದರೊಳಗೆ ಗುಡ್ಡದ ಮೇಲೆ ಮಂಜಿಗಿಂತ ಎತ್ತರದ ಗೋಪುರ ಏಳಲಿ, ಅದನ್ನ ನೋಡಿ ದಾರಿ ಹಿಡೀಲಿ ಅಂದನಂತೆ.

ಮುದುಕನಿಗೆ ಕಟ್ಟೋ ಶಕ್ತಿ ಉಳಿದಿರಲಿಲ್ಲ, ಕೆಲಸ ಗಂಡುಮಕ್ಕಳಿಗೆ ಬಿತ್ತು. ದೊಡ್ಡ ಮಗ ಇಟ್ಟಿಗೆ ನಡುವೆ ಬೆರಳು ದಪ್ಪ ಗಾರೆ ಮೆತ್ತಿ ಮೂರೇ ತಿಂಗಳಲ್ಲಿ ಎಬ್ಬಿಸಿದ. ಮೊದಲ ಮಳೆಗೆ ಗಾರೆ ಕರಗಿ ಬಿತ್ತಂತೆ. ಮರುವರ್ಷ ಎರಡನೆಯವ ಕಬ್ಬಿಣದ ಪಟ್ಟಿ ಬಿಗಿದ. ಉಪ್ಪುಗಾಳಿ ಅದನ್ನ ತಿಂದು ಹಾಕ್ತು, ಅದೂ ಬಿತ್ತಂತೆ.

ಉಳಿದಿದ್ದು ಒಂದೇ ವರ್ಷ. ಲೂವಾ ಅಪ್ಪನ ಹತ್ರ ಹೋಗಿ, ಏನಪ್ಪಾ ಮಾಡೋದು ಅಂದಳು. ಗಾರೆ ಬೇಡ ಅವ್ವಾ, ನೀರು ಹಾಕಿ ಇಟ್ಟಿಗೆ ಮೇಲೆ ಇಟ್ಟಿಗೆ ತೇಯಿ, ಕೂದಲೆಳೆ ತೂರದ ಹಾಗೆ ಕೂತ್ಮೇಲೆ ಮರದ ಅಂಟು ಸವರು, ನಮ್ಮಜ್ಜ ಹಾಗೇ ಕಟ್ತಿದ್ದ ಅಂದನಂತೆ ಮುದುಕ. ಅವಳು ತೇಯೋಕೆ ಕೂತಳು. ಅಣ್ಣಂದಿರು, ಏನು ತಂಗೀ, ಗಂಧ ತೇಯ್ತೀಯೋ ಗೋಪುರ ಕಟ್ತೀಯೋ, ನಿನ್ನ ಗಂಡ ಮುದುಕ ಆಗಿ ಬರ್ತಾನೆ ಬಿಡು ಅಂತ ನಕ್ಕರಂತೆ. ಮುದುಕ ಆದರೂ ಬರಲಿ ಅಣ್ಣಾ, ಬಂದರೆ ಸಾಕು ಅಂದಳಂತೆ ಲೂವಾ.

ಆ ಮಾತು ಕೇಳಿ ಪಕ್ಕದ ಮನೆಯವಳು ಬಂದು ಕೂತಳು, ಅವಳ ಗಂಡನೂ ಅದೇ ಹಡಗಲ್ಲಿ. ಆಮೇಲೆ ಓಣಿಯ ಹೆಂಗಸರೆಲ್ಲ ಬಂದರು. ಕೊನೆಗೆ ಅಣ್ಣಂದಿರೂ ತಲೆ ತಗ್ಗಿಸಿ ಇಟ್ಟಿಗೆ ಹೊತ್ತರಂತೆ. ಯಾವುದು ಇಟ್ಟಿಗೆ ಕೆಂಪು, ಯಾವುದು ಕೈಯ ರಕ್ತ ಅಂತ ಗೊತ್ತಾಗ್ತಿರಲಿಲ್ಲವಂತೆ.

ಮಳೆಗೆ ಮುಂಚೆ ಗೋಪುರ ಎದ್ದು ನಿಂತಿತು. ಮೂರನೇ ಮಳೆಗಾಲ ಮುಗೀತು, ಅದು ಅಲುಗಲಿಲ್ಲ. ಒಂದು ಬೆಳಗ್ಗೆ ಕಡಲೆಲ್ಲ ಮಂಜು, ಮೇಲೆ ಗೋಪುರದ ತುದಿ ಮಾತ್ರ ಒಂದಾಳುದ್ದ, ಕೆಂಪಗೆ. ಅದನ್ನೇ ಗುರುತು ಹಿಡಿದು ಹಡಗು ಬಂಡೆ ತಪ್ಪಿಸಿ ಬಂತಂತೆ.

ಗಂಡ ಲೂವಾಳ ಕೈ ಹಿಡಿದು ನೋಡಿದರೆ, ಇಟ್ಟಿಗೆ ತೇದು ತೇದು ಅಂಗೈಯೆಲ್ಲ ನುಣ್ಣಗೆ. ನಿನ್ನ ಕೈಗೆರೆ ಎಲ್ಲಿ ಹೋದವೇ ಅಂದನಂತೆ. ಅವಳು ಗುಡ್ಡದ ಕಡೆ ಕತ್ತೆತ್ತಿ, ಅಲ್ಲಿವೆ ನೋಡಿ, ಆ ಗೆರೆ ಹಿಡಿದೇ ನೀವು ದಾರಿ ಕಂಡು ಬಂದಿದ್ದು ಅಂದಳಂತೆ.

ಈಗಲೂ ಆ ಊರಲ್ಲಿ ಹಡಗು ಹೊರಡೋ ದಿನ ಹೆಂಗಸರು ಗೋಪುರಕ್ಕೆ ಅಂಗೈ ಒತ್ತಿ ಬರ್ತಾರಂತೆ. ಎಲ್ಲಿ, ನಿನ್ನ ಕೈ ಕೊಡು. ಹಾಂ, ಕತೆ ಮುಗೀತು, ಗೋಪುರ ನಿಂತಿದೆ, ನೀನು ಮಲಕ್ಕೋ.