ಕೈಕೊಟ್ಟ ಮೊಣಕಾಲು

"ಗುರುಗಳೇ, ಕೈಕೊಟ್ಟವನ ಮೇಲೆ ಸಿಟ್ಟು ಮಾಡುವುದು ತಪ್ಪೇ?" ಎಂದು ಶಿಷ್ಯ ನಿಜಗುಣ ಕೇಳಿದ.

"ಕೈಕೊಟ್ಟವರು ಯಾರು?"

ನಿಜಗುಣ ಪಂಚೆ ಸರಿಸಿ ತನ್ನ ಬಲ ಮೊಣಕಾಲು ತೋರಿಸಿದ. ಅದು ಊದಿತ್ತು. ಅವನು ಹೊಸದಾಗಿ ಓಟ ಹಿಡಿದಿದ್ದ. ದಿನವೂ ಮುಂಜಾನೆ ಮಠದ ಗುಡ್ಡ ಸುತ್ತಿ ಬರುತ್ತಿದ್ದ. ಇಳಿಜಾರಿನಲ್ಲಿ ಮೊಣಕಾಲು ಪಕ್ಕಕ್ಕೆ ಜಾರುತ್ತಿತ್ತು. ಆ ದಿನ ಎಲ್ಲರ ಎದುರಿಗೇ ಅವನನ್ನು ಬೀಳಿಸಿತ್ತು.

"ನಾಳೆ ಇದನ್ನು ಬಿಗಿಯಾಗಿ ಕಟ್ಟಿ ಇನ್ನೊಂದು ಸುತ್ತು ಹೆಚ್ಚು ಓಡುತ್ತೇನೆ. ಬುದ್ಧಿ ಬರಲಿ ಇದಕ್ಕೆ" ಎಂದು ಮೊಣಕಾಲಿಗೆ ಗುದ್ದಿದ.

ಗುರುಗಳ ಮುಖ ಕೆಂಪಾಯಿತು. "ಕೈ ತೆಗೆ. ಕೂತು ಕೇಳು" ಎಂದರು.

ಒಬ್ಬ ನೇಕಾರನಿದ್ದ. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತೇ ಅವನ ಅರ್ಧ ಆಯುಷ್ಯ ಕಳೆದಿತ್ತು. ಕೂರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹೆಂಡತಿಗೆ ಚೊಚ್ಚಲ ಹೆರಿಗೆಯ ನೋವು ಬಂದಾಗ ಸೂಲಗಿತ್ತಿಯನ್ನು ಕರೆತರಲು ಪಕ್ಕದ ಊರಿಗೆ ಓಡಿದ. ಅರ್ಧ ದಾರಿಗೇ ಉಸಿರು ಕಟ್ಟಿ ಕುಸಿದ. ಗಾಡಿಯಲ್ಲಿ ಬರುತ್ತಿದ್ದ ಒಬ್ಬ ವ್ಯಾಪಾರಿ ಅವನನ್ನು ಹತ್ತಿಸಿಕೊಂಡು ಹೋಗಿ ಸೂಲಗಿತ್ತಿಯನ್ನು ಕರೆತಂದ. ತಾಯಿಯೂ ಮಗಳೂ ಉಳಿದರು. ಅಷ್ಟಕ್ಕೆ ವ್ಯಾಪಾರಿ ಸುಮ್ಮನಿರಬಹುದಿತ್ತು. ಸಂತೆಯಲ್ಲಿ ಎಲ್ಲರ ಮುಂದೆ, ಕೂತು ಉಣ್ಣುವವನಿಗೆ ಓಟದ ಹುಚ್ಚು ಯಾಕೆ ಎಂದು ನಕ್ಕುಬಿಟ್ಟ.

ನೇಕಾರನಿಗೆ ಮೈಯೆಲ್ಲ ಉರಿಯಿತು. ಹೆಂಡತಿ ಮತ್ತೆ ಬಸುರಿಯಾದಾಗ, ಈ ಸಲ ಯಾರ ಗಾಡಿಯೂ ಬೇಡ, ನಾನೇ ಓಡುತ್ತೇನೆ ಎಂದು ಹಟ ತೊಟ್ಟ. ಮಗ್ಗದ ಗುಂಡಿಯಿಂದ ಎದ್ದವನು ಮೊದಲ ದಿನವೇ ಸೂಲಗಿತ್ತಿಯ ಊರಿನವರೆಗೆ ಓಡಿದ. ಮರುದಿನವೂ ಓಡಿದ. ಬರಬರುತ್ತ ಉಸಿರು ಪಳಗಿತು, ಮೊಣಕಾಲು ಪಳಗಲಿಲ್ಲ. ಹಳ್ಳದ ಇಳಿಜಾರಿಗೆ ಬಂದರೆ ಸಾಕು, ಅದು ಒಳಕ್ಕೆ ಹೊರಳುತ್ತಿತ್ತು. ಅವನು ನಿಂತು ಅದನ್ನು ಬಾಯಿಗೆ ಬಂದಂತೆ ಬೈದು, ಮತ್ತೆ ಓಡುತ್ತಿದ್ದ.

ಅವನು ಕುಂಟುವುದನ್ನು ಸೂಲಗಿತ್ತಿ ಕಂಡಳು. ಕಾಲು ಒತ್ತಿ ನೋಡಿ ಹೇಳಿದಳು: "ತಪ್ಪು ಮೊಣಕಾಲಿನದ್ದಲ್ಲಪ್ಪ. ಕೂತೂ ಕೂತೂ ತೊಡೆ, ಸೊಂಟದ ಕಸುವು ಹೋಗಿದೆ. ಅವು ಹೊರಬೇಕಾದ ಭಾರವನ್ನೂ ಇದೇ ಹೊರಬೇಕೇನು? ಮೊದಲು ಊತ ಇಳಿಯಲಿ. ಆಮೇಲೆ ಕೂತು ಏಳು, ಮೆಟ್ಟಿಲು ಹತ್ತಿ ಇಳಿ, ನಡೆ. ಕಾಲು ಗಟ್ಟಿಯಾದ ಮೇಲೆ ಓಡುವೆಯಂತೆ."

"ನಡೆಯೋಕೆ ನಾನೇನು ಮುದುಕನಾ?" ಎಂದು ಸಿಡುಕಿ, ಅವನು ಓಡಿಕೊಂಡೇ ಮನೆಗೆ ಬಂದ. ಹಳೆಯ ಸೀರೆ ಸೀಳಿ ಮೊಣಕಾಲಿಗೆ ಬಿಗಿಯತೊಡಗಿದ.

ಹೆಂಡತಿಗೆ ತಡೆಯಲಾಗಲಿಲ್ಲ. "ಹಾಸಿನ ನೂಲಲ್ಲಿ ಒಂದು ಎಳೆ ಕಡಿದರೆ ಮಗ್ಗ ನಿಲ್ಲಿಸ್ತೀರಿ. ಗಂಟು ಹಾಕಿದ ಮೇಲೇ ಲಾಳಿ ಮುಟ್ತೀರಿ. ಕಾಲಿಗೆ ಅಷ್ಟೂ ಮರ್ಯಾದೆ ಇಲ್ವಾ?"

"ಎಳೆ ಬಿಟ್ಟರೆ ಬಟ್ಟೆ ಕೆಡುತ್ತೆ, ಕೊಂಡವರು ಆಡಿಕೊಳ್ತಾರೆ. ಇದು ನನ್ನ ಕಾಲು. ಹೇಳಿದಂತೆ ಕೇಳಬೇಕು."

ಕಸುಬಿನಲ್ಲಿದ್ದ ವಿವೇಕ ಆ ಮನುಷ್ಯನ ಮೈಗೆ ಇಳಿಯಲೇ ಇಲ್ಲ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಹೆರಿಗೆಯ ನೋವು ಬಂದದ್ದು ಒಂದು ಮಧ್ಯಾಹ್ನ. ಅವನು ಅಂಗಳಕ್ಕೆ ಇಳಿಯುವಾಗ ಅದೇ ವ್ಯಾಪಾರಿಯ ಗಾಡಿ ಮನೆಯ ಮುಂದೆ ಹಾದುಹೋಗುತ್ತಿತ್ತು. ನೇಕಾರ ಕೂಗಲಿಲ್ಲ. ಗಾಡಿಯನ್ನು ಹಿಂದೆ ಹಾಕಿ ಅಡ್ಡದಾರಿ ಹಿಡಿದು ಓಡಿದ. ಹಳ್ಳದ ಇಳಿಜಾರಿನಲ್ಲಿ ಮೊಣಕಾಲು ಪೂರಾ ತಿರುಚಿಕೊಂಡಿತು. ಬಿದ್ದವನಿಗೆ ಏಳಲಾಗಲಿಲ್ಲ. ತೆವಳಿದ, ಕೂಗಿದ. ದಾರಿಹೋಕರು ಕಂಡು ಸೂಲಗಿತ್ತಿಗೆ ಸುದ್ದಿ ಮುಟ್ಟಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅವಳು ಬಂದಾಗ ಮಗು ಹುಟ್ಟಿ ಆಗಿತ್ತು. ಅದು ಅಳಲಿಲ್ಲ.

ನೇಕಾರನನ್ನು ಹೊತ್ತು ತಂದು ಜಗಲಿಯ ಮೇಲೆ ಕೂರಿಸಿದರು. ಅವನು ಹೆಂಡತಿ ಹೇಗಿದ್ದಾಳೆಂದು ಕೇಳಲಿಲ್ಲ, ಮಗು ಏನಾಯಿತೆಂದು ಕೇಳಲಿಲ್ಲ. ಕೈಗೆ ಸಿಕ್ಕ ಕಲ್ಲಿನಿಂದ ಮೊಣಕಾಲನ್ನು ಜಜ್ಜುತ್ತ, "ಕೈಕೊಟ್ಟೆಯಲ್ಲೋ, ಕೈಕೊಟ್ಟೆಯಲ್ಲೋ" ಎನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣನ ಕಣ್ಣು ಒದ್ದೆಯಾಗಿತ್ತು.

"ಬೇಕಾದ ಹೊತ್ತಿಗೇ ಆ ಮೊಣಕಾಲು ಅವನಿಗೆ ಕೈಕೊಟ್ಟಿತಲ್ಲ, ಗುರುಗಳೇ" ಎಂದ.

ಗುರುಗಳು ಎಂದರು: "ಅದು ಅಷ್ಟು ದಿನವೂ ನಿಲ್ಲು ಎಂದು ಕೈ ಮುಗಿಯುತ್ತಿತ್ತು; ಕೈಕೊಟ್ಟವನು ಅವನು."