ತಣ್ಣನೆ ಕೋಣೆಯ ಫೋನು

ಅದು ಮೆಣಸಿನಕಾಯಿ ಚೀಲ ಇಡುವ ಕೋಲ್ಡ್ ಸ್ಟೋರೇಜು. ಬಾಗಿಲು ಹೊರಗಿನಿಂದ ಮಾತ್ರ ತೆಗೆಯಲು ಬರುತ್ತಿತ್ತು. ಒಳಗೆ ಮೊಬೈಲಿಗೆ ಸಿಗ್ನಲ್ ಇಲ್ಲ. ಸಿಕ್ಕಿಬಿದ್ದ ಹಮಾಲರು ಆಫೀಸಿಗೆ ತಿಳಿಸಲೆಂದು ಗೋಡೆಗೊಂದು ಹಳೇ ಫೋನಿತ್ತು.

ಸೋಮವಾರದಿಂದ ಹಳೇ ಲೈನು ಬಂದ್, ಎಲ್ಲ ಡಿಜಿಟಲ್; ಒಳಗೆ ಹೊಸ ಫೋನು ಆಗಲೇ ಹಾಕಿಯಾಗಿತ್ತು. ಮ್ಯಾನೇಜರ್ ಮುಧೋಳಕರ್ ಸಾಹೇಬರು ಗುಮಾಸ್ತನ ಮುಂದೆ ಕಾಗದ ಹಿಡಿದರು.

"ಎಲ್ಲಾ ಫೋನು ಟೆಸ್ಟ್ ಮಾಡೇವಿ, ಸರಿ ಅದಾವು ಅಂತ ಬರದು ಸಹಿ ಹಾಕು."

"ಸಾಹೇಬ್ರ, ಹಳೇದು ಕರೆಂಟ್ ಹೋದ್ರೂ ನಡೀತಿತ್ತು. ಹೊಸಾದು ನಮ್ಮ ಕರೆಂಟಿನ ಮ್ಯಾಲೇ ನಡೀತೈತಿ. ಒಂದು ಬ್ಯಾಟರಿ ಬೇಕ್ರಿ. ಇಲ್ಲಂದ್ರ ಕರೆಂಟ್ ಹೋದಾಗ ಒಳಗಿದ್ದ ಹಮಾಲ ಏನ್ ಮಾಡಬೇಕು?"

"ಒದರಲಿ. ಬಾಯಿಲ್ಲೇನು ಅವಕ್ಕ?"

"ಆತ್ರಿ, ಹಂಗ ಬರೀತೀನಿ. ಆದ್ರ ಒಳಗಿಂದ ಮೊದಲನೇ ಫೋನು ನೀವ ಮಾಡಬೇಕ್ರಿ. ಉದ್ಘಾಟನೆ."

ಉದ್ಘಾಟನೆ ಎಂದರೆ ಸಾಹೇಬರು ಎಲ್ಲಿಗೆ ಬೇಕಾದರೂ ಬರುವವರು. ಹಣೆಗೆ ಕುಂಕುಮ ಹಚ್ಚಿಸಿಕೊಂಡು ಒಳಗೆ ಹೋದರು. ಗುಮಾಸ್ತ ಬಾಗಿಲು ಹಾಕಿದ. ಮೇನ್ ಸ್ವಿಚ್ ಇಳಿಸಿದ. ಗಡಿಯಾರ ನೋಡುತ್ತ ಬಾಗಿಲ ಪಕ್ಕದಲ್ಲೇ ಕೂತ.

ಐದು ನಿಮಿಷಕ್ಕೆ ಬಾಗಿಲು ತೆಗೆದಾಗ ಸಾಹೇಬರ ಹಲ್ಲು ಕಟಕಟ ಅನ್ನುತ್ತಿದ್ದವು. ದನಿ ಬಿದ್ದುಹೋಗಿತ್ತು.

"ಅಷ್ಟು ಒದರಿದೆ! ಕೇಳಲಿಲ್ಲೇನು?"

"ಇಲ್ರಿ ಸಾಹೇಬ್ರ. ಬಾಗಿಲಕ್ಕ ಕಿವಿ ಹಚ್ಚೇ ಕುಂತಿದ್ದೆ. ಟೆಸ್ಟ್ ಅಂತೂ ಆತು. ಈಗ ಏನಂತ ಬರೀಲಿ?"

ಬ್ಯಾಟರಿ ಮರುದಿನವೇ ಬಂತು. ಮಂಜೂರಾತಿ ಕಾಗದದಲ್ಲಿ ಕಾರಣ ಕೇಳಿದ್ದರು. ಸಾಹೇಬರು ಅದನ್ನು ತಮ್ಮ ಕೈಯಿಂದಲೇ ತುಂಬಿದ್ದರು:

"ಮೆಣಸಿನಕಾಯಿ ಚೀಲಗಳ ರಕ್ಷಣೆಗಾಗಿ."