ಮುದಕಪ್ಪ ಮಾಡಿದ ಕಂಡಿಕೆ ವ್ಯಾಪಾರ

ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ಫಕೀರವ್ವ, ಬೆಟಗೇರಿಯ ನೇಕಾರರ ಓಣಿಯವಳು, ಮಾತು ಕತ್ತರಿ. ಮಗ ಮುದಕಪ್ಪ. ಹೆಸರಿಗೆ ಮುದುಕ, ಮೈಗೆ ಕೋಣ, ಬುದ್ಧಿಗೆ ತೊಟ್ಟಿಲ ಕೂಸು. ‘ನಳದ ನೀರು ನೋಡಿಕೊಂಡಿರು’ ಅಂದರೆ ಕೊಡ ತುಂಬಿ ಹರಿದು ಅಂಗಳ ಕೆರೆಯಾಗುವವರೆಗೂ ನೋಡುತ್ತ ನಿಲ್ಲುವ ಆಸಾಮಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು ಅವನ ಗುಣ, ಅದೇ ಅವಳ ಗೋಳು. ಆದರೂ ಹೆತ್ತವರಿಗೆ ಹೆಗ್ಗಣ ಮುದ್ದು ನೋಡಿ, ಇಂದಲ್ಲ ನಾಳೆ ಇವನು ಶಾಣ್ಯಾ ಆಗುತ್ತಾನೆ ಎಂದು ಆಕೆ ದಿನಾ ಬೆಳಿಗ್ಗೆ ನಂಬಿಕೊಂಡೇ ಏಳುತ್ತಿದ್ದಳು.

ಆ ಓಣಿಗೆ ಹಾಕಿ ಆಟದ ಹುಚ್ಚು. ವಯಸ್ಸಿನವರಿಗೆ ಓಡಿ ಆಡುವ ಹುಚ್ಚು, ವಯಸ್ಸು ದಾಟಿದವರಿಗೆ ಕೂತಲ್ಲೇ ಆಡುವ ಹುಚ್ಚು. ಟಿವಿಯಲ್ಲಿ ದೊಡ್ಡ ಟೂರ್ನಮೆಂಟು ಬಂತೆಂದರೆ ಒಬ್ಬೊಬ್ಬರೂ ಬೇರೆ ಬೇರೆ ತಂಡಗಳಿಂದ ಆಟಗಾರರನ್ನು ಆರಿಸಿಕೊಂಡು ತಮ್ಮದೇ ಒಂದು ಕನಸಿನ ತಂಡ ಕಟ್ಟುತ್ತಿದ್ದರು. ಒಬ್ಬ ಆಟಗಾರನಿಗೆ ಒಂದು ಕಂಡಿಕೆ. ಮಗ್ಗದ ಲಾಳಿಯೊಳಗೆ ನೂಲು ಸುತ್ತಿ ಇಡುತ್ತಾರಲ್ಲ, ಆ ಪುಟ್ಟ ಕಡ್ಡಿ. ಅದರ ಮೇಲೆ ಅವನ ಹೆಸರು. ನಿಮ್ಮ ಕಂಡಿಕೆಯವನು ಗೋಲು ಹೊಡೆದರೆ ನಿಮ್ಮ ಅಂಕ ಏರುತ್ತದೆ, ಅಂಪೈರು ಅವನಿಗೆ ಕಾರ್ಡು ತೋರಿಸಿದರೆ ಇಳಿಯುತ್ತದೆ. ಬೇಡವಾದವನನ್ನು ಕೊಟ್ಟು ಬೇಕಾದವನನ್ನು ಪಡೆಯಬಹುದು. ಆದರೆ ಅದೆಲ್ಲ ಸೆಮಿಫೈನಲ್ಲಿನ ಹಿಂದಿನ ಸಂಜೆ ಗಿರಣಿಯ ಭೋಂಗಾ ಕೂಗುವುದರೊಳಗೆ, ಯಮನೂರಪ್ಪನ ಚಹಾದಂಗಡಿಯಲ್ಲಿ, ಅಂಕದ ಲೆಕ್ಕ ಇಡುವ ಹುಡೇದ ಮಾಸ್ತರರ ಕಣ್ಣೆದುರಿಗೇ ಆಗಬೇಕು. ಫೋನಿನ ಮಾತು ನಡೆಯುವುದಿಲ್ಲ. ಕೈ ಬದಲಾದ ಕಂಡಿಕೆ ತಿರುಗಿ ಬರುವುದಿಲ್ಲ. ಭೋಂಗಾ ಕೂಗಿತೋ, ವ್ಯಾಪಾರ ಬಂದ್.

ಗೆದ್ದವರಿಗೆ ಸಿಗುವುದು ಒಂದು ಹಳೆಯ ಹಾಕಿ ಕೋಲು. ಅದು ಫಕೀರವ್ವನ ಗಂಡ ಮಾರ್ತಂಡಪ್ಪ ಆಡಿದ ಕೋಲು. ‘ಮೂಲ್ಯಾಗ ಇಟ್ರ ಹುಳಾ ಹಿಡಿತೈತಿ, ಗೆದ್ದವರ ಮನ್ಯಾಗ ತಿರುಗ್ಲಿ’ ಎಂದು ಕೊಟ್ಟು, ಪುಣ್ಯಾತ್ಮ ಕಣ್ಣು ಮುಚ್ಚಿದ. ಅಂದಿನಿಂದ ಅದು ಓಣಿಯ ಮನೆಮನೆ ತಿರುಗಿತು, ಅವನ ಮನೆಗೆ ಮಾತ್ರ ಬರಲಿಲ್ಲ. ಹೋದ ವರ್ಷ ಗೆದ್ದ ಯಮನೂರಪ್ಪ ಅದನ್ನು ತನ್ನ ಅಂಗಡಿಯೊಳಗೆ, ಬಾಗಿಲಿನ ಹಲಗೆಯ ಒಳಬದಿಗೆ ನೇತುಹಾಕಿದ್ದ. ಫಕೀರವ್ವ ಅಂಗಡಿಯ ಕಟ್ಟೆಯ ಮೇಲೆ ನಿಂತೇ ಕಂಡಿಕೆ ವ್ಯಾಪಾರ ಮಾಡುವವಳು, ಒಳಗೆ ಗಂಡಸರೇ ಕೂಡುತ್ತಿದ್ದರು. ಒಂದು ವರ್ಷವಾದರೂ ಆ ಕೋಲು ತನ್ನ ಗೋಡೆಗಿರಲಿ ಅನ್ನುವುದೊಂದೇ ಅವಳ ಆಸೆ.

ಈ ಸಲ ಅವಳು ಗೆಲ್ಲುವ ಹಾಗಿದ್ದಳು. ಅಷ್ಟರಲ್ಲಿ ಅವಳ ತಂಡದ ಹರಜೋತ ಕಾಲು ಮುರಿದುಕೊಂಡ. ಅವನನ್ನು ಬದಲಿಸಲು ಹೊರಟ ಫಕೀರವ್ವ ಮೆಟ್ಟಿಲು ಜಾರಿ ತನ್ನ ಕಾಲನ್ನೂ ಉಳುಕಿಸಿಕೊಂಡಳು. ಗಡುವು ಅವತ್ತೇ ಸಂಜೆ. ಮನೆಯಲ್ಲಿದ್ದವನು ಒಬ್ಬನೇ.

“ಮುದಕಪ್ಪಾ, ನನ್ನಪ್ಪಾ! ಈ ಕುಂಟನ್ನ ಕೊಟ್ಟು, ಚಂದಾಗಿ ಓಡೋನ್ನ ತಗೊಂಬಾ.”

“ಆತಬೇ ಯವ್ವಾ!”

ಓಡಿದ. ಚಹಾದಂಗಡಿಯಲ್ಲಿ ಕೂಗಿದ, “ಎಲ್ಲಾರಕಿಂತ ಜಾಸ್ತಿ ಓಡಾಂವ ಯಾರದಾನ?”

ಅಲ್ಲಿದ್ದ ರಾಚಪ್ಪ ಮಹಾ ಹುಷಾರಿ. ಖಾಲಿ ಕಂಡಿಕೆಯ ಮೇಲೆ ಒಂದು ಹೆಸರು ಗೀಚಿ ಕೊಟ್ಟ. “ಇಂವಾ ನೋಡಪಾ. ಆಟ ಸುರುವಾದಾಗಿಂದ ಮುಗಿಯೂತನಾ ಓಡ್ತಾನ, ಒಮ್ಮಿನೂ ಕುಂದ್ರಂಗಿಲ್ಲ.”

ಮುದಕಪ್ಪ ಕುಣಿಯುತ್ತ ಬಂದ. ಫಕೀರವ್ವ ಕಂಡಿಕೆ ಓದಿದಳು. ಹಣೆ ಹಣೆ ಬಡಿದುಕೊಂಡಳು.

“ಲೇ ಹುಚಪ್ಯಾಲೀ! ಇಂವಾ ಅಂಪೈರೋ!”

“ಓಡ್ತಾನಲ್ಲವಾ?”

“ಓಡಿದ್ರ ಸಾಕೇನೋ, ಗೋಲು ಬ್ಯಾಡೇನೋ? ಗೋಲಿನ ಬಾಜೂಕ ಇರೋವನ್ನ ಕೇಳಬೇಕಿತ್ತು!”

“ಹಂಗಾರ ಈ ಸರ್ತಿ ಹಂಗ ಕೇಳ್ತೀನಿ.”

ಮತ್ತೆ ಓಡಿದ. ಕೊಡಲಿಕ್ಕೆಂದು ಕೈಯಲ್ಲಿ ತಾಯಿಯ ತಂಡದ ಒಬ್ಬ ಒಳ್ಳೆಯ ಡಿಫೆಂಡರು. “ಯಾವಾಗ್ಲೂ ಗೋಲಿನ ಬಾಜೂಕನ ಇರಾಂವ ಬೇಕ್ರೀ!”

“ನಮ್ಮಂವ ಗೋಲು ಬಿಟ್ಟು ಹೆಜ್ಜಿ ಕಿತ್ತಿಡಂಗಿಲ್ಲ ತಗೋ,” ಎಂದು ಯಮನೂರಪ್ಪ ತನಗೆ ಹೆಚ್ಚಾದ ಗೋಲ್‌ಕೀಪರನನ್ನು ಕೊಟ್ಟ. ಫಕೀರವ್ವನ ಬಳಿ ಮೊದಲೇ ಒಬ್ಬ ಗೋಲ್‌ಕೀಪರನಿದ್ದ. ಈಗ ಇಬ್ಬರಾದರು, ಜೊತೆಗೊಬ್ಬ ಅಂಪೈರು.

“ಅಯ್ಯ ನನ ದೈವನ! ಇಬ್ರು ಗೋಲು ಕಾಯ್ತಾರ, ಒಬ್ಬ ಸೀಟಿ ಊದ್ತಾನ. ಹೊಡಿಯಾಕ ನಾ ಹೋಗ್ಲೇನೋ? ಅವರು ಕೊಟ್ಟದ್ದಕ್ಕ ಹೂಂ ಅಂತಾರೇನು? ಮೊದಲ ‘ಬ್ಯಾಡ’ ಅನಬೇಕು, ‘ಮ್ಯಾಲೊಂದು ಕೊಡ್ರಿ’ ಅನಬೇಕು!”

“ಹಂಗಾರ ಈ ಸರ್ತಿ ಹಂಗ ಅಂತೀನಿ.”

ಮೂರನೆಯ ಸಲ ಹೋದಾಗ ದೇವರು ಕಣ್ಣು ಬಿಟ್ಟಿದ್ದ. ಅಂಗಡಿಯಲ್ಲಿ ಕೂತಿದ್ದ ಪಂಪಣ್ಣನ ಗೋಲ್‌ಕೀಪರನಿಗೆ ಬೆರಳು ಉಳುಕಿತ್ತು. ಪಂಪಣ್ಣ ಎದ್ದು ಬಂದು ಮುದಕಪ್ಪನ ಹೆಗಲು ಹಿಡಿದ. “ತಮ್ಮಾ, ನಿಮ್ಮವ್ವನ ಹಂತೇಕ ಇಬ್ರು ಗೋಲ್‌ಕೀಪರ್ ಅದಾರಂತ. ಒಬ್ಬನ್ನ ಕೊಡು, ನನ್ನ ಸೋಮ್ರಾನ್ನ ತಗೋ.”

ಸೋಮ್ರಾ ಅಂದರೆ ಇಡೀ ಟೂರ್ನಮೆಂಟಿನ ಹುಲಿ. ಅಂಗಡಿಯೆಲ್ಲ ಬಾಯಿ ತೆರೆಯಿತು.

“ಬ್ಯಾಡ,” ಅಂದ ಮುದಕಪ್ಪ.

“ಏನಂದಿ?”

“ಬ್ಯಾಡ. ಮ್ಯಾಲೊಂದು ಕೊಡ್ರಿ.”

ಯಮನೂರಪ್ಪ ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿ ಭಜಿಯೊಂದನ್ನು “ತಗೋ, ಮ್ಯಾಲೊಂದು!” ಎಂದು ನಗುತ್ತ ಅವನ ಅಂಗೈ ಮೇಲಿಟ್ಟ. ಮುದಕಪ್ಪ ಅದನ್ನು ಊದುತ್ತ ಊದುತ್ತ ಮನೆಗೆ ತಂದು, ನಡೆದದ್ದನ್ನೆಲ್ಲ ಹೇಳಿದ. ಗುಡ್ಡ ಅಗೆದು ಇಲಿ ಹಿಡಿದಿದ್ದರೂ ಫಕೀರವ್ವ ಸುಮ್ಮನಿರುತ್ತಿದ್ದಳೇನೋ.

“ಸೋಮ್ರಾನ್ನ ಬಿಟ್ಟು ಮಿರ್ಚಿ ತಂದೇನೋ ಖೋಡೀ!” ಅವಳಿಗೆ ನಿಜಕ್ಕೂ ಅಳು ಬಂತು. ಕಿಟಕಿಯ ಬಿಸಿಲು ಮಗ್ಗದ ಕಾಲಿನವರೆಗೆ ಇಳಿದಿತ್ತು, ಭೋಂಗಾ ಇನ್ನೇನು ಕೂಗುತ್ತದೆ. “ಏಳು! ಎಲ್ಲಾ ಕಂಡಿಕಿ ತಗೊಂಡು ಓಡು. ಯಾರು ಏನ ಕೇಳ್ತಾರ ಅದನ್ನ ಕೊಡು, ಸೋಮ್ರಾನ್ನ ಮುಟಿಗ್ಯಾಗ ಹಿಡಕೋ. ನನ್ನ ಮುಂದ ಬರೂತನಾ ಮುಟಿಗಿ ಬಿಚ್ಚಬ್ಯಾಡ!”

“ಹಂಗಾರ ಹಂಗ ಮಾಡ್ತೀನಿ!”

ಪಂಪಣ್ಣ ಗೋಲ್‌ಕೀಪರನನ್ನು ಕೇಳಿದ, ಮುದಕಪ್ಪ ಕೊಟ್ಟ. ಸೋಮ್ರಾನ ಕಂಡಿಕೆ ಮುಷ್ಟಿಯೊಳಗೆ ಬಂತು. ರಾಚಪ್ಪ “ನನಗೊಂದು?” ಅಂದ, ಕೊಟ್ಟ. ಯಮನೂರಪ್ಪ ಕೇಳಿದ, ಕೊಟ್ಟ. ಕಟ್ಟೆಯ ಮೇಲೆ ಕೂತವರೂ ಕೈ ಚಾಚಿದರು, ಕೊಟ್ಟ. ಅಂಪೈರನನ್ನು ಮಾತ್ರ ಯಾರೂ ಕೇಳಲಿಲ್ಲ. “ಎಲ್ಲಿ, ಸೋಮ್ರಾನ್ನ ತೋರಿಸು. ನಾ ನೋಡದ ಲೆಕ್ಕಕ್ಕ ಹಿಡಿಯಂಗಿಲ್ಲ,” ಎಂದರು ಹುಡೇದ ಮಾಸ್ತರರು.

“ಅವ್ವನ ಮುಂದ ಹೋಗೂತನಾ ಬಿಚ್ಚಂಗಿಲ್ರೀ!”

“ಲೇ, ಭೋಂಗಾ ಆಗ್ತೈತೋ!”

ಮುದಕಪ್ಪ ಓಟ ಕಿತ್ತ. ಹಿಂದೆ ಧೋತರ ಎತ್ತಿಕೊಂಡು ಮಾಸ್ತರರು, ಅವರ ಹಿಂದೆ ಪಂಪಣ್ಣ, ಅವನ ಹಿಂದೆ ಚಹಾದ ಕಪ್ಪು ಹಿಡಿದೇ ಇಡೀ ಅಂಗಡಿ. ಮಾಸ್ತರರು ಹೊಸ್ತಿಲಿಗೆ ಕಾಲಿಟ್ಟರು, ಮುದಕಪ್ಪ ತಾಯಿಯ ಮುಂದೆ ಮುಷ್ಟಿ ಬಿಚ್ಚಿದ, ಮಾಸ್ತರರು “ನೋಡ್ದೆ!” ಎಂದರು, ಭೋಂಗಾ ಕೂಗಿತು.

ಫಕೀರವ್ವನ ಮುಖ ಅರಳಿತು. ಒಂದೇ ಗಳಿಗೆ. “ಉಳಿದವರೆಲ್ಲಿ?”

“ಕೇಳಿದ್ರು, ಕೊಟ್ಟೆ.”

“ಎಲ್ಲಾರನೂ?”

“ಅಂಪೈರ್ ಅದಾನವಾ.”

“ನಿನ್ನ ಕಟಗೊಂಡು ಏನ ಮಾಡ್ಲೋ! ಒಂದು ತಂದು ಹತ್ತು ಬಿಟ್ಟು ಬಂದೆಲ್ಲೋ! ಇನ್ನ ಮ್ಯಾಲ ಏನ ತಂದ್ರೂ ಅದರ ಜೋಡಿ ಇದ್ದದ್ದೆಲ್ಲಾ ತಗೊಂಡು ಬಾ. ಅಲ್ಲೇನೂ ಬಿಟ್ಟು ಬರಬ್ಯಾಡ!”

“ಹೂಂನವಾ. ನೆನಪಿಟಗೋತೀನಿ.”

ಒಬ್ಬ ಹುಲಿ, ಒಬ್ಬ ಸೀಟಿ. ಇಷ್ಟೇ ಅವಳ ತಂಡ. ಆದರೂ ಫಕೀರವ್ವ ಕಾಲಿಗೆ ಅರಿಶಿನದ ಪಟ್ಟು ಹಾಕಿಕೊಂಡು ಟಿವಿಯ ಮುಂದೆ ಕೂತಳು. ಸೆಮಿಫೈನಲ್ಲಿನಲ್ಲಿ ಸೋಮ್ರಾ ಗೋಲು ಹೊಡೆದ, ಫೈನಲ್ಲಿನಲ್ಲೂ ಹೊಡೆದ. ಆ ಅಂಪೈರನೋ ಮಹಾ ಸಿಡುಕ! ಕಾಲಿಗೆ ಚೆಂಡು ತಗಲಿದರೆ ಸೀಟಿ, ಎದುರು ಮಾತಾಡಿದರೆ ಕಾರ್ಡು. ರಾಚಪ್ಪನವರಿಗೆ ಕಾರ್ಡು, ಪಂಪಣ್ಣನವರಿಗೆ ಕಾರ್ಡು, ಯಮನೂರಪ್ಪನವರಿಗೆ ಕಾರ್ಡಿನ ಮೇಲೆ ಕಾರ್ಡು. ಮುದಕಪ್ಪ ದಾನ ಮಾಡಿದವರೂ ಅದರಲ್ಲೇ ಸೇರಿದ್ದರು. ಎಲ್ಲರ ಅಂಕ ಸರ್ರನೆ ಇಳಿಯಿತು. ಫಕೀರವ್ವನ ಅಂಕ ಇಳಿಸಲು ಅಲ್ಲಿ ಆಳೇ ಇರಲಿಲ್ಲ! ಮಾಸ್ತರರು ಕೂಡಿಸಿದರು, ಕಳೆದರು, ಮನೆಗೇ ಬಂದು ಹೇಳಿದರು, “ಫಕೀರವ್ವಾ, ಕೋಲು ನಿಂದು.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಗೋಡೆಗೆ ಮೊಳೆ ಹೊಡೆಸಿದಳು. “ಮುದಕಪ್ಪಾ, ಹೋಗಪಾ, ನಿಮ್ಮಪ್ಪನ ಕೋಲು ತಗೊಂಬಾ.”

ಹೋದ. ಬರಲಿಲ್ಲ. ಅಂಗಡಿಯ ಕಡೆ ಧಡ್ ಧಡ್ ಅಂದಿತು, ಯಾರೋ ಕೂಗಿದರು. ಆಮೇಲೆ ಓಣಿಯ ತುದಿಯಲ್ಲಿ ಮುದಕಪ್ಪ ಕಂಡ. ಬೆನ್ನ ಮೇಲೆ ಆಳೆತ್ತರದ ಹಲಗೆ, ಯಮನೂರಪ್ಪನ ಅಂಗಡಿ ಬಾಗಿಲಿನ ಹಲಗೆ! ಅದರ ಒಳಬದಿಗೆ ತೂಗುಹಾಕಿದ್ದ ಕೋಲು, ಕೋಲಿನ ಮೊಳೆ, ಗಡಿಯಾರ, ಕ್ಯಾಲೆಂಡರು, ಹೊಗೆ ಹಿಡಿದ ಒಂದು ಫೋಟೊ. ಹಿಂದೆ ಸೌಟು ಬೀಸುತ್ತ ಯಮನೂರಪ್ಪ.

“ಜೋಡಿ ಇದ್ದದ್ದೆಲ್ಲಾ ತಂದೀನವಾ! ಏನೂ ಬಿಟ್ಟಿಲ್ಲ!”

ಫಕೀರವ್ವ ಬೈಯಲು ಬಾಯಿ ತೆರೆದಳು. ಆಗ ಫೋಟೊ ಕಣ್ಣಿಗೆ ಬಿತ್ತು. ಸೆರಗಿನ ತುದಿಯಿಂದ ಹೊಗೆ ಒರೆಸಿದಳು. ಬೆಟಗೇರಿಯ ಹಳೆಯ ತಂಡ. ಮುಂದಿನ ಸಾಲಿನಲ್ಲಿ ಮೊಣಕಾಲೂರಿ ಮಾರ್ತಂಡಪ್ಪ, ಕೈಯಲ್ಲಿ ಇದೇ ಕೋಲು, ಮುಖದ ತುಂಬ ನಗು. ಗಂಡ ಕೋಲು ಹಿಡಿದ ಚಿತ್ರ ಈ ಭೂಮಿಯ ಮೇಲೆ ಇದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅಷ್ಟು ವರ್ಷ ಅದು ನಾಲ್ಕು ಮನೆಯಾಚೆ ಹೊಗೆ ಕುಡಿಯುತ್ತಿತ್ತು.

ಯಮನೂರಪ್ಪ ಸೌಟು ಇಳಿಸಿದ. “ಫೋಟೊನೂ ಇಟಗೋ ತಂಗೀ. ಹಲಗಿ ಒಂದು ಕೊಟ್ಟುಬಿಡು, ಬಾಗಲಾ ಹಾಕಬೇಕು.”

ಫಕೀರವ್ವ ಮಗನ ತಲೆ ನೇವರಿಸಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇತ್ತು. “ಶಾಣ್ಯಾ ನನ ಮಗಾ! ಹೋಗು, ಇದು ಅವರ ಬಾಗಲದ ಹಲಗಿ, ಬಾಗಲದ ಜೋಡಿನ ಇರಬೇಕು.”

“ಅಷ್ಟನಾ?” ಅಂದ ಮುದಕಪ್ಪ. ಹಲಗೆಯನ್ನು ಅಲ್ಲೇ ಗೋಡೆಗೆ ಒರಗಿಸಿದ, ಅಂಗಿಯ ತೋಳು ಮಡಚಿದ, ಅಂಗಡಿಯ ಕಡೆ ಓಡತೊಡಗಿದ. “ಯಮನೂರಪ್ಪ ಕಾಕಾ, ನೀವು ಇಲ್ಲೇ ಕುಂದರ್ರೀ! ಉಳಿದ ಬಾಗಲಾನೂ ಕಿತ್ಕೊಂಡು ಬಂದಬಿಡ್ತೀನಿ!”